ಗರ್ಬೀನೋ ಕಾರ್ಖಾನೆಯ ನಾಲ್ಕನೆಯ ಯಜಮಾನರಿಗೆ

ಮಾಂಟೆರೇ ರಸ್ತೆ, ಸ್ಯಾನ್ ಹೊಸೆ
೧೪ ನವೆಂಬರ್ ೧೯೮೬

ಇಟಲಿ ದೇಶದ ಹೆಮ್ಮೆಯೆಂದು ಹೆಸರಾದ ಗರ್ಬೀನೋ ಮೋಟಾರ್ ಸೈಕಲ್ ಕಾರ್ಖಾನೆಯನ್ನು ಕಳೆದ ಆಗಸ್ಟ್ ತಿಂಗಳಲ್ಲಿ ಕೊಂಡು, ನಾನು ಇದನ್ನು ಬರೆಯುವ ಹೊತ್ತಿಗೆ ಇನ್ನೂ ಯಾರಿಗೂ ಮಾರದೆ ಇಟ್ಟುಕೊಂಡಿರುವ ಮಹನೀಯರ ಸನ್ನಿಧಿಗೆ, ಮೈಥಿಲಿ ಜಯರಾಮ್ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕಳಿಸಿದ ಆಹ್ವಾನ ಪತ್ರಿಕೆ ತಲುಪಿತು. ಚಿನ್ನದ ಅಂಚು, ಒಳಗೆ ರೇಷ್ಮೆಯಂಥ ತೆಳುಕಾಗದ, ಅದರ ಮೇಲೆ ರೆಕ್ಕೆ ಬಿಚ್ಚಿದ, ಗರ್ಬೀನೋ ಲಾಂಛನದ ಹಕ್ಕಿ. ನಮ್ಮ ಮದುವೆಯ ಲಗ್ನಪತ್ರಿಕೆಯೂ ಇಷ್ಟು ಚೆನ್ನಾಗಿರಲಿಲ್ಲ. ಡೀಲರುಗಳೆಲ್ಲ ಸೇರಿದ ಗರ್ಬೀನೋ ಕುಟುಂಬ ಮತ್ತೆ ಒಂದಾಗುತ್ತಿದೆ, ತಾವು ಬಂದು ಸೇರಿಕೊಳ್ಳಿ ಎಂದು ಬರೆದಿದ್ದೀರಿ. ಅದಕ್ಕೆ ಉತ್ತರ ಕೊಡುವುದು ನನ್ನ ಕರ್ತವ್ಯ.

ಉತ್ತರ ಕನ್ನಡದಲ್ಲಿರುವುದಕ್ಕೆ ಬೇಸರ ಪಡಬೇಡಿ. ಏಳು ವರ್ಷಗಳಲ್ಲಿ ನಾನು ತಮ್ಮ ಕಾರ್ಖಾನೆಗೆ ಇಂಗ್ಲಿಷಿನಲ್ಲಿ ನಲವತ್ತಮೂರು ಪತ್ರ ಟೈಪು ಮಾಡಿದ್ದೇನೆ. ಮೈಸೂರಿನಲ್ಲಿ ಟೈಪ್‌ರೈಟಿಂಗ್ ಸೀನಿಯರ್ ಪಾಸು ಮಾಡಿದವಳು, ಒಂದು ಪತ್ರದಲ್ಲೂ ಅಕ್ಷರ ತಪ್ಪಿಲ್ಲ. ಉತ್ತರ ಬಂದಾಗಲೆಲ್ಲ ಇಟಾಲಿಯನ್ನಿನಲ್ಲಿ ಬಂದಿದೆ. ನನಗೆ ತಿಳಿಯದ ಭಾಷೆಯಲ್ಲಿ ತಾವು ಬರೆಯುವುದಾದರೆ ತಮಗೆ ತಿಳಿಯದ ಭಾಷೆಯಲ್ಲಿ ನಾನೂ ಬರೆಯುವುದೇ ಸಮಾನರ ನಡುವಿನ ಮರ್ಯಾದೆ ಎಂದುಕೊಂಡೆ. ನಮ್ಮ ಕನ್ನಡ ಕೂಟದ ಪತ್ರಿಕೆಯವರು ಅಚ್ಚು ಹಾಕುತ್ತೇವೆ ಎಂದಿರುವುದರಿಂದ, ತಾವು ಓದದಿದ್ದರೂ ಇದನ್ನು ಓದುವವರು ಇದ್ದಾರೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಗಂಡನನ್ನೂ ಯಜಮಾನರು ಎನ್ನುತ್ತೇವೆ, ಕಾರ್ಖಾನೆಯ ಒಡೆಯನನ್ನೂ ಯಜಮಾನರು ಎನ್ನುತ್ತೇವೆ. ನನಗೆ ಹದಿನೆಂಟು ವರ್ಷದಿಂದ ಒಬ್ಬರೇ ಯಜಮಾನರು. ತಮ್ಮ ಕಾರ್ಖಾನೆಗೆ ಏಳು ವರ್ಷದಲ್ಲಿ ನಾಲ್ವರು. ನಾನು ಯಾರ ನಡತೆಯನ್ನೂ ಆಡಿಕೊಳ್ಳುವವಳಲ್ಲ. ಆದರೂ ಓದುವವರಿಗೆ ಕಲಸುಮೇಲೋಗರ ಆಗದಿರಲೆಂದು ನನ್ನವರನ್ನು ಜಯರಾಮ್ ಎಂದೂ, ತಮ್ಮವರನ್ನು ಒಂದನೆಯವರು, ಎರಡನೆಯವರು, ಮೂರನೆಯವರು ಎಂದೂ ಕರೆಯುತ್ತೇನೆ.

ಜಯರಾಮ್ ಬೆಂಗಳೂರಿನ ಒಂದು ಯಂತ್ರೋಪಕರಣ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಕಲಿತವರು. ೧೯೭೧ರಲ್ಲಿ ಇಲ್ಲಿಗೆ ಬಂದು ಕಂಪ್ಯೂಟರ್ ಡಿಸ್ಕ್ ಮಾಡುವ ಕಂಪನಿಯೊಂದರಲ್ಲಿ ಎಂಟು ವರ್ಷ ಅಚ್ಚುಗಳನ್ನು ಕಡೆದರು. ಒಂದು ಶನಿವಾರ ಫ್ರೀವೇ ಪಕ್ಕದಲ್ಲಿ ಪಂಚರ್ ಆಗಿ ನಿಂತಿದ್ದ ಒಂದು ಗರ್ಬೀನೋ ಗಾಡಿಯನ್ನು ನೋಡಿ ನಮ್ಮ ಕಾರು ನಿಲ್ಲಿಸಿದರು. ಮನೆಗೆ ಬರುವಾಗ "ಅದನ್ನ ಮಾಡಿದೋನು ಕೆಲಸ ಗೊತ್ತಿರೋನು ಕಣೇ" ಎಂದರು. ಜಯರಾಮ್ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ, ನನ್ನ ಅಡುಗೆಗೂ ಸಿಕ್ಕಿಲ್ಲ. ಮರುವರ್ಷ ಕೆಲಸ ಬಿಟ್ಟು ಗರ್ಬೀನೋ ಡೀಲರ್‌ಶಿಪ್ ತೆಗೆದುಕೊಂಡರು. ಅವರು ವರ್ಕ್‌ಶಾಪಿನಲ್ಲಿ, ನಾನು ಪಾರ್ಟ್ಸ್ ಕೌಂಟರಿನಲ್ಲಿ. ಆ ವರ್ಷ ಫ್ರೀಮಾಂಟಿನಲ್ಲಿ ನಡೆದ ಯುಗಾದಿ ಊಟದಲ್ಲಿ ಒಬ್ಬ ಡಾಕ್ಟರರ ಹೆಂಡತಿ "ಮೋಟಾರ್ ಸೈಕಲ್ ಅಂಗಡಿನಾ? ಅದು ವೀಕೆಂಡ್ ಹಾಬಿ ಅಲ್ವಾ? ವೀಕ್‌ಡೇಸು ಎಲ್ಲಿ ಕೆಲಸ ಮಾಡ್ತಾರೆ?" ಎಂದು ಕೇಳಿದರು. ನಾನು ಹೋಳಿಗೆ ಬಡಿಸಿಕೊಂಡು ಮುಂದೆ ಹೋದೆ.

ಒಂದನೆಯವರು ಸಂಸ್ಥಾಪಕರ ಮಗ. ಅವರ ಕಾಲದಲ್ಲಿ ಬಿಡಿಭಾಗ ಬರುವುದು ತಡವಾಗುತ್ತಿತ್ತು, ಆದರೆ ಬಂದದ್ದು ಚೆನ್ನಾಗಿರುತ್ತಿತ್ತು. ಅವರು ಗಾಡಿ ಮಾಡುವುದನ್ನು ಬಲ್ಲವರು, ಮಾರುವುದನ್ನು ಅರಿಯದವರು. ೧೯೮೧ರಲ್ಲಿ ಕಾರ್ಖಾನೆ ಸಾಲ ಕೊಟ್ಟ ಬ್ಯಾಂಕುಗಳ ಒಕ್ಕೂಟದ ಕೈಗೆ ಹೋಯಿತು. ಎರಡನೆಯವರೆಂದರೆ ಇವರು. ಇವರ ಬುದ್ಧಿವಂತಿಕೆಗೆ ನಾನು ಸಾವಿರ ಸಲ ಕೈ ಮುಗಿದಿದ್ದೇನೆ. ಒಂದು ಗಾಡಿಯಲ್ಲಿ ಎರಡು ಸಾವಿರದಷ್ಟು ಭಾಗಗಳಿದ್ದರೆ, ಅವುಗಳಲ್ಲಿ ಯಾವುದನ್ನು ತೆಳುಮಾಡಿದರೆ ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ ಎಂದು ಮೂರೇ ತಿಂಗಳಲ್ಲಿ ಪತ್ತೆ ಹಚ್ಚಿದರು.

ಅಂಥ ಒಂದು ಭಾಗದ ಹೆಸರು ಲಾಕ್ ಪ್ಲೇಟು. ತಾವು ಅದನ್ನು ನೋಡಿರಲಾರಿರಿ, ತಮ್ಮ ಸುಗಂಧ ದ್ರವ್ಯ ಮತ್ತು ತಂಪು ಕನ್ನಡಕದ ವ್ಯಾಪಾರದಲ್ಲಿ ಅದರ ಬಳಕೆ ಇಲ್ಲ. ನೋಡಲು ನಮ್ಮ ಕೋಡುಬಳೆಯ ಹಾಗೆ ದುಂಡಗಿರುತ್ತದೆ, ಅಷ್ಟೇ ದೊಡ್ಡದು, ಒಳ ಅಂಚಿಗೆ ಹಲ್ಲು, ಬೋಲ್ಟಿಗೆ ತೂತು. ಎಂಜಿನ್ನಿನ ಬಲವನ್ನು ಚೈನಿಗೆ ದಾಟಿಸುವ ಹಲ್ಲಿನ ಚಕ್ರ ಜಾರಿ ಹೊರಗೆ ಬರದಂತೆ ಹಿಡಿದಿಡುವುದು ಅದರ ಕೆಲಸ. ಅದು ಮುರಿದರೆ ಚಕ್ರ ಜಾರುತ್ತದೆ, ಚೈನು ಮುದ್ದೆಯಾಗಿ ಸಿಕ್ಕಿಕೊಳ್ಳುತ್ತದೆ, ಹಿಂದಿನ ಗಾಲಿ ನಿಂತುಬಿಡುತ್ತದೆ. ಮೇಲೆ ಕೂತವನು ಮಾತ್ರ ನಿಲ್ಲುವುದಿಲ್ಲ.

೧೯೮೩ರ ಏಪ್ರಿಲ್‌ನಲ್ಲಿ ಒಂದು ಗಾಡಿಯನ್ನು ಸರ್ವೀಸಿಗೆ ಬಿಚ್ಚಿದ್ದ ಜಯರಾಮ್ ಕೌಂಟರಿಗೆ ಬಂದು, ಲಾಕ್ ಪ್ಲೇಟು ಇದ್ದ ಅಂಗೈ ಚಾಚಿದರು. "ಇಲ್ಲಿ ನೋಡು, ಇದು ಕೂದಲಲ್ಲ. ಬಿರುಕು."

ಅಳೆದು ನೋಡಿದರೆ ಮೂರು ಮಿಲಿಮೀಟರ್ ದಪ್ಪ ಇರಬೇಕಾದದ್ದು ಎರಡಿತ್ತು. ಉಕ್ಕಿಗೆ ಸರಿಯಾಗಿ ಹದ ಹಾಕಿರಲಿಲ್ಲ. ನಾನು ಆ ಸಂಜೆಯೇ ಪತ್ರ ಟೈಪು ಮಾಡಿ, ಬಿರುಕಿನ ಫೋಟೋ ಇಟ್ಟು ಕಳಿಸಿದೆ. ಎರಡು ತಿಂಗಳಲ್ಲಿ ಉತ್ತರ ಬಂತು. ಪಕ್ಕದ ಬೇಕರಿಯ ಇಟಾಲಿಯನ್ ಅಜ್ಜಿಯ ಹತ್ತಿರ ಓದಿಸಿದೆ. ನಮ್ಮ ಆಸಕ್ತಿಗೆ ಧನ್ಯವಾದ ಹೇಳಿದ್ದರು, ಜೊತೆಗೆ ಒಂದು ಕ್ಯಾಲೆಂಡರ್ ಇಟ್ಟಿದ್ದರು. ಆ ವರ್ಷ ಇನ್ನೂ ಎರಡು ಗಾಡಿಗಳಲ್ಲಿ ಬಿರುಕು ಸಿಕ್ಕಿತು. ನಾನು ಇನ್ನೂ ಒಂಬತ್ತು ಪತ್ರ ಬರೆದೆ.

ಅಷ್ಟರಲ್ಲಿ ಮೂರನೆಯವರು ಬಂದರು, ಬಟ್ಟೆ ಒಗೆಯುವ ಯಂತ್ರ ಮಾಡುವವರು. ಅವರು ಬಂದ ಗುರುತಿಗೆ ಹಕ್ಕಿಯ ಮುಖ ಎಡದಿಂದ ಬಲಕ್ಕೆ ತಿರುಗಿತು, ನಾವು ಹೊಸ ಬೋರ್ಡು ಹಾಕಬೇಕಾಯಿತು. ಲಾಕ್ ಪ್ಲೇಟಿನ ಬಗ್ಗೆ ಅವರು ಬರೆದ ಉತ್ತರವನ್ನು ಅಜ್ಜಿ ಎರಡು ಸಲ ಓದಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಹೊಸ ಕಂಪನಿ ಹಳೆಯ ಕಂಪನಿಯ ಹೆಸರು, ಕಟ್ಟಡ, ಯಂತ್ರಗಳು ಮತ್ತು ಹಕ್ಕಿಯನ್ನು ಕೊಂಡಿದೆ, ಹಳೆಯ ಕಂಪನಿ ಮಾಡಿದ ಗಾಡಿಗಳ ದೋಷಗಳನ್ನು ಕೊಂಡಿಲ್ಲ, ಎಂದಿತ್ತು. ಎಂಥ ಅಚ್ಚುಕಟ್ಟಾದ ಕ್ರಯಪತ್ರ. ಮನೆ ಮಾರಿದವನು ಸೋರುವ ಸೂರನ್ನು ಮಾತ್ರ ಮಡಿಸಿಕೊಂಡು ತನ್ನ ಜೊತೆ ಒಯ್ದನೆಂದು ನಮ್ಮೂರಲ್ಲಿ ಯಾರೂ ಕೇಳಿಲ್ಲ. ಆದರೂ ಕೃಪೆ ಮಾಡಿ ಮೂರು ಹೊಸ ಪ್ಲೇಟುಗಳನ್ನು ಕಳಿಸಿದರು. ಹನ್ನೊಂದು ತಿಂಗಳು ಕಾದ ಮೇಲೆ ಬಂದವು. ಪೊಟ್ಟಣದ ಮೇಲೆ ಅಸಲಿ ಬಿಡಿಭಾಗ ಎಂಬ ಮುದ್ರೆ ಇತ್ತು. ಜಯರಾಮ್ ಅವನ್ನು ಮೂರು ಗಾಡಿಗಳಿಗೆ ಹಾಕಿದರು.

ಅವುಗಳಲ್ಲಿ ಒಂದು ಕುಬೇರಪ್ಪನವರದು. ಹಾಸನದ ಕಡೆಯವರು, ಸ್ಯಾನ್ ರಮೋನ್‌ನಲ್ಲಿ ಮನೆ, ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಮತ್ತು ಬರಿಸುವ ಡಾಕ್ಟರು. ವಾರವಿಡೀ ಜನರನ್ನು ಮಲಗಿಸುವವನಿಗೆ ಭಾನುವಾರವಾದರೂ ಎಚ್ಚರವಾಗಿರಬೇಕು ಅನಿಸುತ್ತದೆ ಎಂದು ನಗುತ್ತಾ ಗಾಡಿ ಕೊಂಡಿದ್ದರು. ೧೯೮೫ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಗ್ಗೆ ನಮ್ಮ ಅಂಗಡಿಗೆಂದೇ ೬೮೦ನೆಯ ಫ್ರೀವೇಯಲ್ಲಿ ಬರುತ್ತಿದ್ದಾಗ, ಸುನೋಲ್ ಇಳಿಜಾರಿನಲ್ಲಿ ಹಿಂದಿನ ಗಾಲಿ ನಿಂತಿತು. ಹಿಂದೆ ಬರುತ್ತಿದ್ದ ಟ್ರಕ್ಕಿನ ಚಾಲಕ ಪುಣ್ಯಾತ್ಮ, ಪಕ್ಕಕ್ಕೆ ತಿರುಗಿಸಿದ. ಕುಬೇರಪ್ಪನವರ ಕಾಲು ಎರಡು ಕಡೆ ಮುರಿಯಿತು, ಹೆಗಲು ಕಳಚಿತು, ಬೆನ್ನಿನ ಚರ್ಮ ಕಿತ್ತುಬಂತು. ಗಾಡಿಯನ್ನು ಎಳೆಸಿ ತಂದ ಜಯರಾಮ್ ಅಂಗಡಿಯ ನೆಲದ ಮೇಲೆ ಕೂತು ಬಿಚ್ಚಿದರು. ಅಸಲಿ ಬಿಡಿಭಾಗ ಎರಡು ತುಂಡಾಗಿತ್ತು.

ಆಸ್ಪತ್ರೆಗೆ ಹೋದಾಗ ಕುಬೇರಪ್ಪನವರ ತಾಯಿ ಕೆಂಪಮ್ಮನವರು ಹಾಸಿಗೆಯ ಪಕ್ಕದಲ್ಲಿ ಕೂತಿದ್ದರು. ಮಗನ ಮನೆ ನೋಡಲು ಊರಿಂದ ಬಂದು ಒಂದು ತಿಂಗಳಾಗಿತ್ತಷ್ಟೆ. ಜಯರಾಮ್ ಮುರಿದ ಪ್ಲೇಟನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಕುಬೇರಪ್ಪನವರಿಗೆ ತೋರಿಸಿ, ಏನಾಯಿತೆಂದು ಹೇಳಿದರು. ಆ ತಾಯಿ ತುಂಡುಗಳನ್ನು ಕೈಗೆ ತೆಗೆದುಕೊಂಡು ನೋಡಿದರು.

"ಇದು ಮುರಿತದೆ ಅಂತ ಗೊತ್ತಿತ್ತಾ ನಿಂಗೆ?" ಎಂದು ಕೇಳಿದರು.

"ಗೊತ್ತಿತ್ತಮ್ಮ. ಹೊಸದು ಹಾಕಿದ್ದೆ. ಫ್ಯಾಕ್ಟರಿಯಿಂದ ಬಂದಿದ್ದು, ಚೆನ್ನಾಗಿರುತ್ತೆ ಅಂದ್ಕೊಂಡೆ."

"ಯಾವಾಗಿಂದ ಗೊತ್ತು?"

"ಎರಡು ವರ್ಷ ಆಯ್ತು. ಕಂಪನಿಗೆ ಬರೀತಾನೇ ಇದ್ವಿ."

"ಎರಡು ವರ್ಸದಿಂದ ಗೊತ್ತಿದ್ದೂ ಗಂಡ ಹೆಂಡ್ತಿ ಕಾಗ್ದ ಬರ್ಕಂಡ್ ಕುಂತಿದ್ರಾ?"

ಕುಬೇರಪ್ಪನವರು "ಅವ್ವ, ಸುಮ್ನಿರು, ಅವ್ರೇನ್ ಮಾಡ್ತಾರೆ" ಎಂದರು. ಆ ತಾಯಿ ತುಂಡುಗಳನ್ನು ಹಿಂದಿರುಗಿಸಿದರು. ಜಯರಾಮ್ ಅವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು. ಆದರೆ ಮಾನ್ಯರೇ, ಆ ಪ್ರಶ್ನೆ ತಾಗಿದ್ದು ನನಗೆ. ಕಾಗದ ಬರೆದವಳು ನಾನು. ಒಂದೊಂದು ಪತ್ರದ ನಕಲನ್ನೂ ತಾರೀಖಿನ ಪ್ರಕಾರ ಫೈಲು ಮಾಡಿ, ನಮ್ಮ ಕರ್ತವ್ಯ ನಾವು ಮಾಡಿದ್ದೇವೆಂದು ನೆಮ್ಮದಿಯಾಗಿ ಮಲಗಿದವಳು ನಾನು. ಈ ಒಂದು ವಿಷಯದಲ್ಲಿ ತಮ್ಮ ಕಾರ್ಖಾನೆಗೂ ನನಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಮರುದಿನ ಜಯರಾಮ್ ಅಂಗಡಿಯ ಬಾಗಿಲಿಗೆ ಮುಚ್ಚಿದೆ ಎಂಬ ಫಲಕ ಹಾಕಿ ಲೇತ್ ಯಂತ್ರದ ಮುಂದೆ ನಿಂತರು. ಒಳ್ಳೆಯ ಉಕ್ಕು ತರಿಸಿದರು. ದಪ್ಪವನ್ನು ನಾಲ್ಕು ಮಿಲಿಮೀಟರಿಗೆ ಏರಿಸಿದರು, ಬಿರುಕು ಹುಟ್ಟುವ ಚೂಪು ಮೂಲೆಗಳನ್ನೆಲ್ಲ ದುಂಡಗೆ ಮಾಡಿದರು, ಸಾಂಟಾ ಕ್ಲಾರಾದ ಒಂದು ಶೆಡ್ಡಿನಲ್ಲಿ ಎದುರಿಗೇ ನಿಂತು ಹದ ಹಾಕಿಸಿದರು. ಮೊದಲಿನ ಆರು ಸರಿ ಬರಲಿಲ್ಲವೆಂದು ಗುಜರಿಗೆ ಹಾಕಿದರು. ಬ್ಯಾಂಕಿನವರ ಕಾಲದಿಂದ ಈಚಿನ ಗಾಡಿಗಳನ್ನು ನಾವು ಮಾರಿದ್ದು ಇಪ್ಪತ್ತಾರು. ಒಂದು ಮುರಿದು ಬಿದ್ದಿತ್ತು, ಉಳಿದದ್ದು ಇಪ್ಪತ್ತೈದು. ನಾನು ಟೈಪ್‌ರೈಟರಿಗೆ ಹೊದಿಕೆ ಹಾಕಿ ಫೋನು ಹಿಡಿದೆ. ಗಾಡಿ ಓಡಿಸಬೇಡಿ, ನಾವೇ ಬರುತ್ತೇವೆ, ಎಂದೆ. ವ್ಯಾನಿನಲ್ಲಿ ಪ್ಲೇಟು, ಸ್ಪಾನರು, ಮೊಸರನ್ನದ ಡಬ್ಬಿ ಇಟ್ಟುಕೊಂಡು ಸ್ಯಾಕ್ರಮೆಂಟೋವರೆಗೂ ಹೋಗಿಬಂದೆವು.

ಲಾಸ್ ಗ್ಯಾಟೋಸ್ ಗುಡ್ಡದ ಮೇಲಿನ ಬಂಗಲೆಯೊಂದರ ಮಹಾಶಯರು ನಮ್ಮನ್ನು ಗರಾಜಿನ ಬಾಗಿಲಲ್ಲೇ ತಡೆದರು. ತಮ್ಮ ಗಾಡಿಯಲ್ಲಿ ಇಟಲಿಯದಲ್ಲದ ಒಂದು ಮೊಳೆಯೂ ಇಲ್ಲವೆಂದೂ, ಇಂಡಿಯನ್ ಕೈಯಲ್ಲಿ ಮಾಡಿದ್ದನ್ನು ಹಾಕಿದರೆ ಅದರ ಗೌರವ ಹೋಗುತ್ತದೆಂದೂ ಹೇಳಿದರು. ಜಯರಾಮ್, ಕುಬೇರಪ್ಪನವರು ತಾವಾಗಿಯೇ ಕೊಟ್ಟಿದ್ದ ಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. "ಇದು ಇಟಲಿ ಪಾರ್ಟು ಮಾಡಿದ ಕೆಲಸ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರು. ಆ ಮಹಾಶಯರು ಸ್ವಲ್ಪ ಹೊತ್ತು ನೋಡಿ ಗರಾಜಿನ ದೀಪ ಹಾಕಿದರು.

ಇಪ್ಪತ್ತೈದನೆಯ ಗಾಡಿ ಮಾತ್ರ ಸಿಗಲಿಲ್ಲ. ಅದು ತಮ್ಮ ಕಾರ್ಖಾನೆಯನ್ನು ನೋಡಿ ಕಲಿತಿತ್ತೋ ಏನೋ, ಮೂರು ವರ್ಷದಲ್ಲಿ ಮೂರು ಕೈ ಬದಲಾಯಿಸಿತ್ತು. ಮೊದಲಿನವನು ಮನೆ ಬದಲಾಯಿಸಿದ್ದ, ಎರಡನೆಯವನು ಪತ್ರಿಕೆಯ ಜಾಹೀರಾತಿನಲ್ಲಿ ಮಾರಿದ್ದ, ಕೊಂಡವರ ಹೆಸರು ನೆನಪಿರಲಿಲ್ಲ, ಹೆಂಗಸು ಎಂಬುದಷ್ಟೇ ನೆನಪಿತ್ತು. ಐದು ವಾರ ಹುಡುಕಿದೆವು. ಟೈರಿನ ಅಂಗಡಿಗಳಿಗೆಲ್ಲ ಫೋನು ಮಾಡುತ್ತಾ ಹೋದಾಗ ಹೇವರ್ಡಿನ ಒಂದು ಅಂಗಡಿಯವರು, ಕೆಂಪು ಗರ್ಬೀನೋ ಅಲ್ಲವೇ, ಶಾಲೆಯ ಟೀಚರು, ದಿನಾ ಸ್ಯಾನ್ ಮಟೇಯೋ ಸೇತುವೆ ದಾಟಿ ಹೋಗುತ್ತಾರೆ, ಎಂದರು. ದಿನಾ, ಸೇತುವೆಯ ಮೇಲೆ. ಫೋನು ಇಟ್ಟವಳೇ ಜಯರಾಮ್ ಅವರನ್ನು ಕೂಗಿದೆ.

ಆಕೆ ಮನೆಗೆ ಬರುವ ಹೊತ್ತಿಗೆ ನಾವು ಮನೆಯ ಮುಂದೆ ಕಾಯುತ್ತಿದ್ದೆವು. ಜಯರಾಮ್ ರಸ್ತೆಯ ಬದಿಯಲ್ಲೇ ಮುಚ್ಚಳ ತೆಗೆದು, ಬೋಲ್ಟುಗಳನ್ನು ಸಡಿಲಿಸಿ, ಪ್ಲೇಟನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅರ್ಧ ಕೈಗೆ ಬಂತು. ಇನ್ನರ್ಧ ಅಲ್ಲೇ ಉಳಿಯಿತು. ಆಕೆ ಹೆಲ್ಮೆಟ್ಟು ಹಿಡಿದುಕೊಂಡೇ ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಟ್ಟರು. ಜಯರಾಮ್ ಹೊಸದನ್ನು ಹಾಕಿ, ಬಿಗಿ ಮಾಡಿ, ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ವ್ಯಾನು ಹತ್ತಿದ ಮೇಲೆ ಬೀಗದ ಕೈಯನ್ನು ನನಗೆ ಕೊಟ್ಟು, "ನೀನೇ ಓಡಿಸು" ಎಂದರು. ಮನೆಯವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈ ಅಪರಾಧ ಮೂರನೆಯವರ ನ್ಯೂ ಜೆರ್ಸಿ ಆಫೀಸಿಗೆ ತಿಳಿಯಿತು. ಎರಡು ವರ್ಷ ಬಿರುಕಿನ ಫೋಟೋ ಕಳಿಸಿದಾಗ ಬರಲಾಗದ ಒಬ್ಬ ಅಧಿಕಾರಿ, ನಾವು ಬಿರುಕಿಲ್ಲದ ಪ್ಲೇಟು ಹಾಕಿದೆವೆಂದು ತಿಳಿದ ಎಂಟನೆಯ ದಿನಕ್ಕೆ ವಿಮಾನ ಹತ್ತಿ ಬಂದರು. ಅಂಗಡಿಯನ್ನೆಲ್ಲ ನೋಡಿ, ಒಂದು ಪ್ಲೇಟನ್ನೂ ಜಯರಾಮ್ ಬರೆದ ನಕ್ಷೆಯ ನಕಲನ್ನೂ ಕೇಳಿದರು. ನಾನು ಬೇಡವೆಂದು ಕಣ್ಣು ಮಾಡಿದೆ. "ತಗೊಂಡು ಹೋಗ್ಲಿ ಬಿಡು, ಅಲ್ಲಿ ಯಾರಾದ್ರೂ ಎಂಜಿನಿಯರು ನೋಡಿದ್ರೆ ಸಾಕು" ಎಂದು ಜಯರಾಮ್ ಕೊಟ್ಟರು. ಮೂರು ವಾರಕ್ಕೆ ಪತ್ರ ಬಂತು, ಈ ಸಲ ಬಹಳ ಸ್ಪಷ್ಟವಾದ ಇಂಗ್ಲಿಷಿನಲ್ಲಿ. ಅಸಲಿಯಲ್ಲದ ಬಿಡಿಭಾಗ ಬಳಸಿ ಗರ್ಬೀನೋ ಘನತೆಗೆ ಕುಂದು ತಂದದ್ದಕ್ಕಾಗಿ ನಮ್ಮ ಡೀಲರ್‌ಶಿಪ್ ರದ್ದಾಗಿತ್ತು. ಜಯರಾಮ್ ಏಣಿ ಹತ್ತಿ ಬೋರ್ಡು ಇಳಿಸಿದರು. ಈಗ ಯಾವ ದೇಶದ ಗಾಡಿ ಬಂದರೂ ರಿಪೇರಿ ಮಾಡುತ್ತಾರೆ. ಹೊಟ್ಟೆಗೆ ಕಡಿಮೆಯಾಗಿಲ್ಲ.

ಇನ್ನು ತಮ್ಮ ವಿಚಾರ. ತಮ್ಮ ಆಹ್ವಾನದ ಜೊತೆ ಒಂದು ತಾಂತ್ರಿಕ ಪ್ರಕಟಣೆಯೂ ಬಂದಿದೆ. ಗರ್ಬೀನೋ ಎಂಜಿನಿಯರುಗಳ ಪರಂಪರಾಗತ ಪ್ರತಿಭೆಯಿಂದ ರೂಪುಗೊಂಡ ಹೊಸ ಲಾಕ್ ಪ್ಲೇಟಿನ ಚಿತ್ರ ಅದರಲ್ಲಿದೆ. ದಪ್ಪ ನಾಲ್ಕು ಮಿಲಿಮೀಟರ್. ಮೂಲೆಗಳೆಲ್ಲ ದುಂಡಗೆ. ಜಯರಾಮ್ ನಮ್ಮ ಅಂಗಡಿಯ ಹಳೆಯ ಡ್ರಿಲ್ಲಿನ ಅಳತೆಗೆಂದು ಕೊರೆದಿದ್ದ ವಿಚಿತ್ರ ಗಾತ್ರದ ತೂತುಗಳನ್ನೂ ತಮ್ಮ ಪರಂಪರೆ ಹಾಗೆಯೇ ಉಳಿಸಿಕೊಂಡಿದೆ. ಇದನ್ನು ಜೋಡಿಸುವುದು ಹೇಗೆಂದು ಎರಡು ವಾರ ಇಟಲಿಯಲ್ಲಿ ತರಬೇತಿ ಪಡೆದರೆ ಜಯರಾಮ್ ಅವರಿಗೆ ಡೀಲರ್‌ಶಿಪ್ ಮರಳಿ ಕೊಡುವ ಔದಾರ್ಯವನ್ನೂ ತಾವು ತೋರಿದ್ದೀರಿ.

ನಾನು ಕೋಪದಿಂದ ಆ ಕಾಗದವನ್ನು ವರ್ಕ್‌ಶಾಪಿಗೆ ಒಯ್ದೆ. ಜಯರಾಮ್ ಕನ್ನಡಕ ಏರಿಸಿಕೊಂಡು ಅಳತೆಗಳನ್ನೆಲ್ಲ ಓದಿದರು. "ಮೂಲೆ ಸರಿಯಾಗಿ ಹಾಕಿದ್ದಾರೆ ಕಣೇ. ಇನ್ನು ಮುರಿಯಲ್ಲ" ಎಂದರು.

"ರೀ, ಇದು ನಿಮ್ಮದು. ನಿಮ್ಮ ಹೆಸರೆಲ್ಲಿ ಇದರಲ್ಲಿ?"

"ಹೆಸರು ಕೆತ್ತಿದ್ರೆ ಬಿರುಕು ಅಲ್ಲಿಂದಾನೇ ಶುರುವಾಗುತ್ತೆ" ಎಂದು ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದರು.

ಅವರು ಅಷ್ಟು ದೊಡ್ಡವರು. ನಾನಲ್ಲ. ಆದ್ದರಿಂದ ಕೆಲವು ಬಿನ್ನಹಗಳು. ಮುಂದಿನ ಸಲ ಕಾರ್ಖಾನೆ ಮಾರುವಾಗ ಕುರ್ಚಿ ಮೇಜುಗಳ ಪಟ್ಟಿಯಲ್ಲಿ ಗಾಡಿಗಳ ದೋಷಗಳನ್ನೂ ಸೇರಿಸಿ, ಕೊಳ್ಳುವವರ ಸಹಿ ಪಡೆಯಬೇಕು. ಯಾರು ಬಂದರೂ ಹೋದರೂ ಪತ್ರ ಓದುವ ಒಬ್ಬ ಗುಮಾಸ್ತೆಯನ್ನು ಮಾತ್ರ ಮಾರದೆ ಉಳಿಸಬೇಕು. ಗರ್ಬೀನೋ ಹೆಸರಿನ ಸೆಂಟು ತರುತ್ತೀರೆಂದು ಓದಿದೆ. ಸುನೋಲ್ ಇಳಿಜಾರಿನಲ್ಲಿ ನೂರೆಂಬತ್ತು ಅಡಿ ಉಜ್ಜಿದ ಟೈರಿನ ವಾಸನೆಯನ್ನೇ ಸೀಸೆಗೆ ತುಂಬಿದರೆ ಅದಕ್ಕಿಂತ ಅಸಲಿ ಪರಿಮಳ ಇನ್ನೊಂದಿಲ್ಲ. ಪರೀಕ್ಷೆಗೆ ಕುಬೇರಪ್ಪನವರನ್ನು ಕರೆಯಬಹುದು. ಒಂದು ಕಾಲು ಸ್ವಲ್ಪ ಗಿಡ್ಡವಾಗಿದೆ, ಕೋಲು ಹಿಡಿದು ನಡೆಯುತ್ತಾರೆ, ಮೂಗು ಚೆನ್ನಾಗಿಯೇ ಇದೆ.

ತಮ್ಮ ಕುಟುಂಬಕ್ಕೆ ಬರಲು ನಮಗೆ ಬಿಡುವಿಲ್ಲ. ಕ್ಷಮಿಸಬೇಕು.

ಮೂವರ ಮೇಲೆ ಇಟ್ಟು ಕಳೆದುಕೊಂಡ ವಿಶ್ವಾಸದಲ್ಲಿ ಚೂರು ಮಿಕ್ಕಿದ್ದರೆ, ಅಷ್ಟರ ಮಟ್ಟಿಗೆ ತಮ್ಮ ವಿಶ್ವಾಸಿ,
ಮೈಥಿಲಿ ಜಯರಾಮ್

ಮರೆತಿದ್ದೆ: ತಮ್ಮ ಪ್ರಕಟಣೆಯ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಹೊಸ ಪ್ಲೇಟು ೧೯೮೬ರ ಸೆಪ್ಟೆಂಬರ್ ನಂತರದ ಗಾಡಿಗಳಿಗೆ ಮಾತ್ರ ಎಂದಿದೆ. ಅದಕ್ಕೆ ಹಿಂದಿನ ಐದು ವರ್ಷದ ಗಾಡಿಗಳು ಬೇರೆ ಯಜಮಾನರವು, ಅವನ್ನು ಓಡಿಸುವವರ ಕಾಲುಗಳೂ ಬೇರೆ ಯಜಮಾನರವೇ ಇರಬೇಕು. ಹಾಗಾಗಿ ಜಯರಾಮ್ ಅವರ ನಕ್ಷೆಯನ್ನು ಅಳತೆ ಸಮೇತ ಈ ಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದೇನೆ. ಇಂಗ್ಲಿಷ್ ಪ್ರತಿಗಳು ನಿನ್ನೆಯ ಅಂಚೆಯಲ್ಲಿ ನನಗೆ ವಿಳಾಸ ಸಿಕ್ಕ ಅರವತ್ತು ಮೋಟಾರ್ ಸೈಕಲ್ ಕ್ಲಬ್ಬುಗಳಿಗೆ ಹೋಗಿವೆ. ಒಳ್ಳೆಯ ಲೇತ್ ಇದ್ದವರು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಈ ನಕ್ಷೆ ಗರ್ಬೀನೋ ಸ್ವತ್ತು ಎಂದು ತಮ್ಮ ವಕೀಲರು ದಾವೆ ಹೂಡುವುದಾದರೆ ದಯವಿಟ್ಟು ಬೇಗ ಹೂಡಲಿ. ಹಳೆಯ ಗಾಡಿಗೆ ಬೇಕಾದ ಈ ಮದ್ದು ತಮ್ಮದೇ ಎಂದು ಕೋರ್ಟಿನಲ್ಲಿ ಒಪ್ಪಿಕೊಂಡ ದಿನ ಆ ರೋಗವೂ ತಮ್ಮದೇ ಆಗುತ್ತದೆ.